ಒಂದೇ ಪಾತ್ರೆಯ ಊಟ, ಎಲ್ಲರಿಗೂ ಒಗ್ಗುವ ಊಟ

(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಇವತ್ತು ಪಾಠದ ಜೊತೆ ಸ್ವಲ್ಪ ಅಡುಗೆಯ ಮಾತು. ಕೆಲವರಿಗೆ ಸಿಗಡಿ, ಅಂದರೆ ನಮ್ಮ ಎಟ್ಟಿ, ತಿಂದರೆ ಮೈಯೆಲ್ಲ ತುರಿಕೆ ಬರ್ತದೆ. ಕೆಲವು ಮಕ್ಕಳಿಗೆ ಹಾಲು, ಮೊಟ್ಟೆ ಆಗುವುದಿಲ್ಲ. ಇನ್ನು ಕೆಲವರಿಗೆ ಗೋಧಿ, ನೆಲಗಡಲೆ, ನಮ್ಮೂರಿನ ಗೇರುಬೀಜ ಒಗ್ಗುವುದಿಲ್ಲ. ಇದಕ್ಕೆ ಅಲರ್ಜಿ ಎನ್ನುತ್ತಾರೆ.

"ಸ್ವಲ್ಪ ತಿಂದರೆ ಏನಾಗ್ತದೆ?" ಎಂದು ಮನೆಯ ಹಿರಿಯರು ಕೇಳುವುದುಂಟು. ಸ್ವಲ್ಪವೇ ಸಾಕು, ಅಪಾಯ ಆಗಬಹುದು. ಎಟ್ಟಿಯನ್ನು ಎಷ್ಟು ಬೇಯಿಸಿದರೂ ಅಲರ್ಜಿಯ ಗುಣ ಹೋಗುವುದಿಲ್ಲ. ಎಟ್ಟಿ ಕಾಯಿಸಿದ ಎಣ್ಣೆ, ಅದೇ ಸೌಟು ಕೂಡ ಬೇಡ.

ಹಾಗಾದರೆ ಆ ಮಗುವಿಗೆ ದಿನವೂ ಬೇರೆ ಗಂಜಿಯೇ? ಎಲ್ಲರೂ ಕೋಳಿ ಸಾರು ಉಣ್ಣುವಾಗ ಒಂದು ಮಗು ಮಾತ್ರ ಉಪ್ಪಿನಕಾಯಿ ನೆಕ್ಕಿಕೊಂಡು ಕೂತರೆ ಅದಕ್ಕೆ ಹೇಗಾಗಬೇಡ? ಮಗುವಿಗೆ ಬೇರೆ ಮಾಡುವ ಬದಲು, ಮಗುವಿಗೆ ಆಗುವುದನ್ನೇ ಎಲ್ಲರೂ ಉಣ್ಣೋಣ.

4 ಜನರಿಗೆ ಬೇಕಾದದ್ದು: ಬೆಳ್ತಿಗೆ ಅಕ್ಕಿ 2 ಕುಡ್ತೆ, ಸಣ್ಣ ತುಂಡು ಮಾಡಿದ ಕೋಳಿಮಾಂಸ ಅರ್ಧ ಕಿಲೋ, ನೀರುಳ್ಳಿ 2, ತೆಂಗಿನೆಣ್ಣೆ 2 ಚಮಚ, ತೆಂಗಿನಹಾಲು 1 ಕುಡ್ತೆ, ಶುಂಠಿ, ಬೆಳ್ಳುಳ್ಳಿ, ಅರಸಿನ, ಕಾಳುಮೆಣಸಿನ ಪುಡಿ, ಕರಿಬೇವು, ಉಪ್ಪು.

ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ನೀರುಳ್ಳಿ, ಕರಿಬೇವು ಬಾಡಿಸಿ. ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಮೆಣಸು, ಅರಸಿನ ಹಾಕಿ. ಕೋಳಿ ಹಾಕಿ 5 ನಿಮಿಷ ಮಗುಚಿ. ತೊಳೆದ ಅಕ್ಕಿ, ತೆಂಗಿನಹಾಲು, 3 ಕುಡ್ತೆ ನೀರು, ಉಪ್ಪು ಸೇರಿಸಿ. ಕುದಿ ಬಂದ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು 20 ನಿಮಿಷ ಬೇಯಿಸಿ. ಇಳಿಸಿ 10 ನಿಮಿಷ ಹಾಗೇ ಬಿಡಿ. ಕೋಳಿ ಪೂರ್ತಿ ಬೆಂದಿದೆಯೇ ಎಂದು ಒಂದು ತುಂಡು ಬಿಡಿಸಿ ನೋಡಿ. ಮಾಂಸ ತಿನ್ನದವರು ಚೀನಿಕಾಯಿ, ಕ್ಯಾರೆಟ್ ಹಾಕಬಹುದು. ಇದರಲ್ಲಿ ಯಾವುದಾದರೂ ನಿಮ್ಮವರಿಗೆ ಒಗ್ಗದಿದ್ದರೆ ಅದನ್ನೂ ಬಿಡಿ.

ತುಪ್ಪ ಬೇಡ, ಗೇರುಬೀಜ ಬೇಡ. ಇಂಗು ಹಾಕುವ ಮೊದಲೂ ಯೋಚಿಸಿ. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಬೆರೆಸಿರುತ್ತಾರೆ. ಈಗ ಪೇಟೆಯಲ್ಲಿ ಸಿಗುವ ಸಾಸೇಜಿನಲ್ಲಿಯೂ ಗೋಧಿ, ಸೋಯಾ, ಹಾಲಿನ ಪುಡಿ ಇರಬಹುದು.

ಇದು ಗೊತ್ತಾಗುವುದು ಹೇಗೆ? ಓದಿ! 2020ರ ಆಹಾರ ಲೇಬಲ್ ನಿಯಮದ ಪ್ರಕಾರ ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ನೆಲಗಡಲೆ, ಗೇರುಬೀಜದಂಥ ಬೀಜಗಳು, ಸೋಯಾ ಇದ್ದರೆ ಪೊಟ್ಟಣದ ಮೇಲೆ ಹೇಳಬೇಕು. ಆದರೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು. ಕನ್ನಡವಾಗಲಿ ಮಲಯಾಳವಾಗಲಿ ಕಡ್ಡಾಯವಲ್ಲ. ಆದ್ದರಿಂದ 'ಕಂಟೇನ್ಸ್' ಎಂಬ ಇಂಗ್ಲಿಷ್ ಪದವನ್ನು ಗುರುತಿಸಲು ಕಲಿಯೋಣ. 'ಇದರಲ್ಲಿ ಇದೆ' ಎಂದು ಅದರ ಅರ್ಥ. ಅದರ ಮುಂದಿರುವ ಪದವೇ ನಮಗೆ ಮುಖ್ಯ.

ಯಾವುದು ಒಗ್ಗುವುದಿಲ್ಲ ಎಂಬುದನ್ನು ವೈದ್ಯರಿಂದಲೇ ತಿಳಿದುಕೊಳ್ಳಿ. ನಾವೇ ಊಹಿಸಿ ಮಕ್ಕಳಿಗೆ ಹಾಲು, ಮೊಟ್ಟೆ ನಿಲ್ಲಿಸಬಾರದು. ತಿಂದ ಮೇಲೆ ತುಟಿ, ನಾಲಗೆ ಬಾತರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ.

ಮುಂದಿನ ತರಗತಿಗೆ ಪ್ರತಿಯೊಬ್ಬರೂ ಅಡುಗೆಮನೆಯ ಒಂದು ಖಾಲಿ ಪೊಟ್ಟಣ ತನ್ನಿ. ಒಟ್ಟಿಗೆ ಕೂತು ಓದೋಣ.