ಏನೂ ಮಾಡದವರ ತಪ್ಪು



ಪದವೀಧರರಿಗೆ ಮನಸಾರೆ ಅಭಿನಂದನೆಗಳು. ಈ ಹಳದಿ ಪಟ್ಟಿಯ ನಿಲುವಂಗಿಯನ್ನು ನೀವು ತೊಟ್ಟದ್ದು ಇಂದಾದರೂ ಅದರ ಖರ್ಚನ್ನು ಹಲವು ವರ್ಷಗಳಿಂದ ಹೊತ್ತವರು ಹಿಂದಿನ ಸಾಲುಗಳಲ್ಲಿ ಕೂತಿದ್ದಾರೆ. ಅವರಿಗೂ ನನ್ನ ನಮಸ್ಕಾರ.

ಗ್ರೀಕ್, ಹೀಬ್ರೂ, ಸಭಾ ಚರಿತ್ರೆ, ಪ್ರಸಂಗ ಕಲೆ ಎಲ್ಲವನ್ನೂ ಓದಿ ಮುಗಿಸಿದ ನಿಮ್ಮೆದುರು ಯೇಸುಸ್ವಾಮಿ ಹೇಳಿದ ಸಾಮ್ಯಕಥೆಗಳ ಬಗ್ಗೆ ಮಾತಾಡುವುದು ಸ್ವಲ್ಪ ಧೈರ್ಯದ ಕೆಲಸವೇ. ಅರ್ಥ ವಿವರಿಸುವ ಗೋಜಿಗೆ ನಾನು ಹೋಗುವುದಿಲ್ಲ. ಸಾಮ್ಯಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ಕಾಣುವ ಒಂದೇ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಅದು ಪದವೀಧರರಿಗೆ ಸ್ವಲ್ಪ ಇರುಸುಮುರುಸು ತರುವಂಥದ್ದು.

ಆ ಕಥೆಗಳಲ್ಲಿ ತೀರ್ಪಿಗೆ ಗುರಿಯಾದವರು ಯಾರು ಯಾರು, ನೋಡಿ. ಲಾಜರನ ಕಥೆಯ ಐಶ್ವರ್ಯವಂತ ಆ ಭಿಕ್ಷುಕನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಬಾಗಿಲಿನಿಂದ ಓಡಿಸಲೂ ಇಲ್ಲ. ಯಜಮಾನ ಕೊಟ್ಟ ತಲಾಂತು ಹಣವನ್ನು ಹೂತಿಟ್ಟ ಆಳು ಒಂದು ಕಾಸೂ ಕದಿಯಲಿಲ್ಲ. ಐದು ಮಂದಿ ಕನ್ಯೆಯರು ಮದುಮಗನಿಗೆ ಯಾವ ಅಪಚಾರವನ್ನೂ ಮಾಡಲಿಲ್ಲ. ಎಣ್ಣೆ ತರಲಿಲ್ಲ, ಅಷ್ಟೆ. ಔತಣಕ್ಕೆ ಬಾರದವರು ಕೊಟ್ಟ ಕಾರಣಗಳೆಲ್ಲ ಮರ್ಯಾದಸ್ಥರ ಕಾರಣಗಳೇ: ಒಬ್ಬ ಹೊಲ ಕೊಂಡಿದ್ದ, ಒಬ್ಬ ಐದು ಜೊತೆ ಎತ್ತು ಕೊಂಡಿದ್ದ, ಇನ್ನೊಬ್ಬನಿಗೆ ಆಗಷ್ಟೇ ಮದುವೆಯಾಗಿತ್ತು. ಮಗನನ್ನೇ ಕೊಂದ ತೋಟದ ಗೇಣಿದಾರರು, ಜೊತೆಯ ಆಳಿನ ಕುತ್ತಿಗೆ ಹಿಡಿದ ಸಾಲಗಾರ, ಇಂಥ ದುಷ್ಟರೂ ಸಾಮ್ಯಗಳಲ್ಲಿ ಇಲ್ಲದಿಲ್ಲ. ಆದರೆ ಮತ್ತೆ ಮತ್ತೆ ಎದುರಾಗುವವರು ಕೆಟ್ಟದ್ದನ್ನು ಮಾಡಿದವರಿಗಿಂತ ಏನೂ ಮಾಡದೆ ಉಳಿದವರು.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಶಿಲುಬೆಗೆ ಇನ್ನು ಕೆಲವೇ ದಿನಗಳಿರುವಾಗ ಯೇಸು ಎಣ್ಣೇಮರಗಳ ಗುಡ್ಡದ ಮೇಲೆ ಶಿಷ್ಯರಿಗೆ ಹೇಳಿದ ಮಾತುಗಳು ಅಲ್ಲಿವೆ. ಕನ್ಯೆಯರು, ತಲಾಂತುಗಳು, ಕುರಿ ಆಡುಗಳ ತೀರ್ಪು, ಈ ಮೂರರಲ್ಲೂ ದೋಷ ಒಂದೇ: ಮಾಡಬೇಕಾದದ್ದನ್ನು ಮಾಡಲಿಲ್ಲ. ಸಾವನ್ನು ಎದುರಿಗಿಟ್ಟುಕೊಂಡ ಗುರು ತನ್ನವರಿಗೆ ಕೊಡುವ ಕೊನೆಯ ಎಚ್ಚರಿಕೆ ಇದಾಗಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಯಾರಿಗೂ ಕೇಡು ಬಯಸದೆ, ಪ್ರತಿ ಭಾನುವಾರ ಆರಾಧನೆಗೆ ಬಂದು, ಕಾಣಿಕೆ ಹಾಕಿ ಮನೆಗೆ ಹೋಗುವ ನಿರುಪದ್ರವಿ ಬಾಳನ್ನೇ ನಾವು ವಿಶ್ವಾಸ ಎಂದು ಕರೆದುಕೊಂಡಿದ್ದೇವೆ. ಸಾಮ್ಯಗಳು ಆ ಹೆಸರನ್ನು ಒಪ್ಪುವುದಿಲ್ಲ.

ಈಗ ಲೂಕನ ಸುವಾರ್ತೆಯ ಒಳ್ಳೆಯ ಸಮಾರ್ಯದವನ ಕಥೆಗೆ, ಅದು ನಡೆಯುವ ಯೆರಿಕೋ ದಾರಿಗೆ ಬರೋಣ. ಬೆಟ್ಟದ ಮೇಲಿನ ಯೆರೂಸಲೇಮಿನಿಂದ ಸಮುದ್ರಮಟ್ಟಕ್ಕಿಂತಲೂ ಕೆಳಗಿರುವ ಯೆರಿಕೋವಿಗೆ ಇಳಿಯುವ ಆ ಬರಡು ಹಾದಿ ಮೂವತ್ತು ಕಿಲೋಮೀಟರಿಗೂ ಕಡಿಮೆ. ಅಷ್ಟರಲ್ಲೇ ಸುಮಾರು 1,000 ಮೀಟರ್ ಇಳಿಜಾರು. ಕಳ್ಳರಿಗೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಕಳ್ಳರ ಏಟಿಗೆ ಅರೆಜೀವವಾಗಿ ಬಿದ್ದವನನ್ನು ಕಂಡೂ ದಾಟಿ ಹೋದವರು ಯಾಜಕ ಮತ್ತು ಲೇವಿಯ. ಅಂದರೆ, ಗೆಳೆಯರೇ, ಆ ಕಥೆಯಲ್ಲಿ ಧರ್ಮವನ್ನು ಓದಿಕೊಂಡವರು ಇಬ್ಬರು, ಆ ಇಬ್ಬರೂ ನಿಲ್ಲಲಿಲ್ಲ. ಇನ್ನು ಮುಂದೆ ಈ ಕಥೆಯನ್ನು ಓದುವಾಗಲೆಲ್ಲ ನಿಮಗಾಗಿ ಕಾದಿಟ್ಟ ಜಾಗ ಅವರ ಪಕ್ಕದಲ್ಲೇ ಇದೆ ಎಂಬುದನ್ನು ಮರೆಯಬೇಡಿ. ನಿಮ್ಮ ಪ್ರಮಾಣಪತ್ರ ನಿಮ್ಮನ್ನು ಸಮಾರ್ಯದವನನ್ನಾಗಿ ಮಾಡುವುದಿಲ್ಲ.

ಸಮಾರ್ಯದವನು ಮಾಡಿದ್ದೇನು? ಕನಿಕರಪಟ್ಟ ಎಂದಷ್ಟೇ ಹೇಳಿ ಲೂಕ ಸುಮ್ಮನಾಗುವುದಿಲ್ಲ. ಹತ್ತಿರ ಬಂದ, ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದ, ಕಟ್ಟು ಕಟ್ಟಿದ, ತನ್ನ ಸವಾರಿಯ ಮೇಲೆ ಕೂರಿಸಿದ, ಛತ್ರಕ್ಕೆ ಕರೆದೊಯ್ದ, ಆರೈಕೆ ಮಾಡಿದ, ಮರುದಿನ ಎರಡು ಬೆಳ್ಳಿ ನಾಣ್ಯ ಕೊಟ್ಟ. ಒಂದು ನಾಣ್ಯವೆಂದರೆ ಆ ಕಾಲದ ಒಂದು ದಿನದ ಕೂಲಿ. ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎಂದು ಮಾತು ಕೊಟ್ಟ. ಆಮೇಲೆ ತನ್ನ ದಾರಿ ಹಿಡಿದು ಹೋದ. ಈ ಕೊನೆಯ ಸಂಗತಿ ನನಗೆ ಬಹಳ ಮುಖ್ಯ. ಅವನು ತನ್ನ ಪಯಣವನ್ನು ಕೈಬಿಡಲಿಲ್ಲ, ಗಾಯಾಳುವನ್ನೂ ಕೈಬಿಡಲಿಲ್ಲ. ತಾನಿಲ್ಲದಾಗ ನೋಡಿಕೊಳ್ಳುವವರನ್ನು ಗೊತ್ತುಮಾಡಿ, ದುಡ್ಡಿನ ವ್ಯವಸ್ಥೆ ಮಾಡಿ, ಮತ್ತೆ ಬರುವುದನ್ನು ಖಚಿತಪಡಿಸಿ ಹೊರಟ. ಕನಿಕರ ಒಂದು ದಿನದ್ದು. ಛತ್ರ ಇದ್ದರೆ ಮಾತ್ರ ಅದು ಮರುದಿನಕ್ಕೂ ಉಳಿಯುತ್ತದೆ.

ನಮ್ಮ ಕರಾವಳಿಯಲ್ಲಿ ಅಂಥ ಛತ್ರ ಕಟ್ಟಿದವರಿದ್ದಾರೆ. ಜರ್ಮನ್ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ, ಮನೆಯವರೂ ಮುಟ್ಟದಿದ್ದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1910ರಲ್ಲಿ ಅವರು ತೀರಿಕೊಂಡರು. ಅವರು ಶುರುಮಾಡಿದ ಕೆಲಸ ಇಂದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಅವರ ಹೆಸರಿನಲ್ಲೇ ನಡೆಯುತ್ತಿದೆ. ನಿಮ್ಮ ಸಭೆಯಲ್ಲೂ ನೀವು ವರ್ಗವಾಗಿ ಹೋದ ಮೇಲೆ ನಿಲ್ಲದೆ ನಡೆಯುವ ಒಂದು ಕೆಲಸವಿರಲಿ, ಅದು ಎಷ್ಟೇ ಚಿಕ್ಕದಾಗಿರಲಿ.

ಐಶ್ವರ್ಯವಂತನ ಕಥೆಯಲ್ಲಿ ನಾವು ಅವಸರದಲ್ಲಿ ದಾಟಿಬಿಡುವ ಒಂದು ವಿವರವಿದೆ. ಯೇಸು ಹೇಳಿದ ಸಾಮ್ಯಗಳಲ್ಲಿ, ಇದೇ ಕಥೆಯ ಅಬ್ರಹಾಮನನ್ನು ಬಿಟ್ಟರೆ, ಸ್ವಂತ ಹೆಸರು ಪಡೆದ ಪಾತ್ರ ಲಾಜರನೊಬ್ಬನೇ. ಧನಿಕನಿಗೆ ಹೆಸರಿಲ್ಲ. ಸತ್ತು ಯಾತನೆಯಲ್ಲಿ ಬಿದ್ದ ಮೇಲೆ ಈ ಧನಿಕ ಅಬ್ರಹಾಮನನ್ನು ಕೂಗಿ, ಲಾಜರನನ್ನು ಕಳುಹಿಸು ಎಂದು ಬೇಡುತ್ತಾನೆ. ಅಂದರೆ ಹೆಸರು ಅವನಿಗೆ ಗೊತ್ತಿತ್ತು! ದಿನವೂ ಬಾಗಿಲಲ್ಲಿ ಬಿದ್ದಿದ್ದವನ ಹೆಸರು ಗೊತ್ತಿದ್ದೂ ಊಟದ ಮೇಜಿನಿಂದ ಅವನು ಏಳಲಿಲ್ಲ. ಸತ್ತ ಮೇಲೂ ಲಾಜರನನ್ನು ತನಗೆ ನೀರು ತರುವ ಆಳು ಎಂದೇ ಭಾವಿಸಿದ. ಕಾಣಲಿಲ್ಲ, ತಿಳಿಯಲಿಲ್ಲ ಎಂಬ ನೆಪಕ್ಕೆ ಈ ಕಥೆಯಲ್ಲಿ ಜಾಗವಿಲ್ಲ.

ಈ ಸಾಮ್ಯ ಒಬ್ಬ ದೈವಶಾಸ್ತ್ರಜ್ಞನ ಬದುಕನ್ನು ತಿರುಗಿಸಿತು. ಆಲ್ಬರ್ಟ್ ಶ್ವೈಟ್ಜರ್ ಸ್ಟ್ರಾಸ್‌ಬರ್ಗಿನಲ್ಲಿ ಬೋಧಕ, ಪ್ರಸಂಗಿ, ಹೆಸರಾಂತ ಆರ್ಗನ್ ವಾದಕ. ಯೂರೋಪು ಆ ಐಶ್ವರ್ಯವಂತ, ಆಫ್ರಿಕಾ ಬಾಗಿಲಲ್ಲಿ ಬಿದ್ದ ಲಾಜರ ಎಂದು ಆತ ಓದಿಕೊಂಡ. 1905ರಲ್ಲಿ, ತನ್ನ ಮೂವತ್ತನೇ ವಯಸ್ಸಿನಲ್ಲಿ, ಮತ್ತೆ ವಿದ್ಯಾರ್ಥಿಯಾಗಿ ವೈದ್ಯಶಾಸ್ತ್ರಕ್ಕೆ ಸೇರಿದ. 1913ರಲ್ಲಿ ಹೆಂಡತಿ ಹೆಲೆನ್ ಜೊತೆ ಈಗಿನ ಗಾಬಾನ್ ದೇಶದ ಲಾಂಬರೆನೆಗೆ ಹೋಗಿ ಆಸ್ಪತ್ರೆ ತೆರೆದ. ಆದರೆ ಈ ಮಾತನ್ನು ಅರ್ಧಕ್ಕೆ ನಿಲ್ಲಿಸುವುದು ನ್ಯಾಯವಲ್ಲ. ಆಫ್ರಿಕದವರನ್ನು ಸಮಾನರೆಂದು ಕಾಣದೆ ಕಿರಿಯ ತಮ್ಮಂದಿರಂತೆ ನಡೆಸಿಕೊಂಡ ಎಂಬ ಟೀಕೆ ಶ್ವೈಟ್ಜರನ ಮೇಲಿದೆ, ಅದರಲ್ಲಿ ಹುರುಳೂ ಇದೆ. ಮೇಜಿನಿಂದ ಎದ್ದು ಬಾಗಿಲಿಗೆ ಬಂದವನೂ ಎತ್ತರದಿಂದಲೇ ಕೈ ಚಾಚಬಹುದು. ಹಾಗಾಗಿ ಏಳುವುದು ಎಷ್ಟು ಮುಖ್ಯವೋ ಇಳಿಯುವುದೂ ಅಷ್ಟೇ ಮುಖ್ಯ.

ಇಳಿಯುವ ಮಾತು ಬಂದಾಗ ನಮ್ಮ ದೇಶದಲ್ಲಿ ಜಾತಿಯ ಹೆಸರೆತ್ತದೆ ಮುಂದೆ ಹೋಗುವಂತಿಲ್ಲ. ನನ್ನ ನೆರೆಯವನು ಯಾರು ಎಂದು ಯೇಸುವನ್ನು ಕೇಳಿದ ಧರ್ಮಪಂಡಿತನಿಗೆ ಸಮಾರ್ಯದವರು ಹತ್ತಿರ ಸೇರಿಸಬಾರದ ಜನ. ಅಂಥವನಿಗೆ ಸಹಾಯ ಮಾಡು ಎಂದು ಯೇಸು ಹೇಳಿದ್ದರೆ ಪಂಡಿತ ಒಪ್ಪುತ್ತಿದ್ದನೋ ಏನೋ. ದಾನ ಕೊಡುವುದರಲ್ಲಿ ಮೇಲುಸ್ತರದವರಿಗೆ ಎಂದೂ ಕಷ್ಟವಿಲ್ಲ. ಯೇಸು ಹೇಳಿದ್ದು ಅದರ ತಿರುವುಮುರುವು. ದಾರಿಯಲ್ಲಿ ಬಿದ್ದವನು ನಮ್ಮವನು, ಎತ್ತುವ ಕೈ ಅವರದು. ಯಾರ ಕೈಯ ನೀರು ಯಾರು ಕುಡಿಯಬೇಕು ಎಂಬ ಲೆಕ್ಕ ಗೊತ್ತಿರುವ ನಮ್ಮೂರುಗಳಲ್ಲಿ ಈ ಕಥೆಯ ಏಟು ಎಲ್ಲಿ ಬೀಳುತ್ತದೆ ಎಂದು ವಿವರಿಸಬೇಕಿಲ್ಲ. ದಕ್ಷಿಣ ಭಾರತದ ಕೆಲವೆಡೆ ಕ್ರೈಸ್ತರ ಸಮಾಧಿಭೂಮಿಯಲ್ಲೇ ಜಾತಿಯ ಗೋಡೆಗಳಿವೆ. ಆ ಗೋಡೆ ಕಟ್ಟಿದವರು ಕೆಲವರಾದರೆ, ಅದನ್ನು ನೋಡುತ್ತಾ ಪ್ರಸಂಗ ಮಾಡಿದವರು ಅನೇಕರು.

ಇನ್ನು ತಲಾಂತು. ಒಂದೇ ತಲಾಂತು ಸಿಕ್ಕಿದವನನ್ನು ಪಾಪ, ಬಡವ ಎಂದುಕೊಳ್ಳುತ್ತೇವೆ. ಒಂದು ತಲಾಂತು ಸುಮಾರು 6,000 ದಿನಗಳ ಕೂಲಿ. ಕೂಲಿಯವನೊಬ್ಬನ ಇಪ್ಪತ್ತು ವರ್ಷಗಳ ದುಡಿಮೆ. ಅವನಿಗೆ ಸಿಕ್ಕಿದ್ದು ಕಡಿಮೆಯಾಗಿರಲಿಲ್ಲ, ಪಕ್ಕದವನಿಗೆ ಸಿಕ್ಕಿದ್ದು ಹೆಚ್ಚಾಗಿತ್ತು. ಯಜಮಾನನಿಗೆ ಹೆದರಿ ಅವನು ಹಣವನ್ನು ನೆಲದಲ್ಲಿ ಹೂತ. ಹಳ್ಳಿಯ ಸಭೆಗೆ ಹೋಗಲಿರುವ ನಿಮ್ಮಲ್ಲಿ ಕೆಲವರಿಗೆ, ನಗರದ ದೊಡ್ಡ ಸಭೆ ಸಿಕ್ಕಿದ ಸಹಪಾಠಿಯನ್ನು ನೋಡಿ ಇಂಥದೇ ಭಾವನೆ ಬರಬಹುದು. ಹೋಲಿಕೆ ಮಾಡುತ್ತಾ ಕೂತರೆ ಕೈಯಲ್ಲಿರುವುದು ಮಣ್ಣಿನ ಪಾಲಾಗುತ್ತದೆ. ತಪ್ಪು ಮಾಡಿಬಿಟ್ಟೇನು ಎಂಬ ಭಯದಿಂದ ಏನನ್ನೂ ಮಾಡದವನನ್ನು ಆ ಯಜಮಾನ ಜಾಗ್ರತೆಯುಳ್ಳವನು ಎನ್ನಲಿಲ್ಲ, ಮೈಗಳ್ಳ ಎಂದ.

ದ್ರಾಕ್ಷೇತೋಟದ ಯಜಮಾನನನ್ನೂ ನೋಡಿ. ಮುಂಜಾನೆಯಿಂದ ಸಂಜೆ ಐದರವರೆಗೆ ಅವನು ಐದು ಸಲ ಸಂತೆಪೇಟೆಗೆ ಹೋಗಿ ಕೂಲಿಯಾಳುಗಳನ್ನು ಕರೆದ. ಅವನ ಬಳಿ ಮೇಸ್ತ್ರಿ ಇದ್ದ. ಸಂಜೆ ಕೂಲಿ ಹಂಚಿದವನು ಅವನೇ. ಆದರೂ ಹುಡುಕಲು ಹೋದವನು ಯಜಮಾನನೇ. ಸಂಜೆಯವರೆಗೂ ನಿಂತಿದ್ದವರು ಸೋಮಾರಿಗಳಲ್ಲ, ಅವರನ್ನು ಯಾರೂ ಕರೆದಿರಲಿಲ್ಲ. ನಮ್ಮ ಊರುಗಳ ಸರ್ಕಲ್‌ಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ನಿಲ್ಲುವ ಗಾರೆ ಕೆಲಸದವರಿಗೆ ಈ ಕಥೆ ನಮಗಿಂತ ಬೇಗ ಅರ್ಥವಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ, ಯಾರೂ ಕೆಲಸಕ್ಕೆ ಕರೆಯದವರಿಗೆ ಏನು ಮಾಡುವುದು ಎಂಬ ಪ್ರಶ್ನೆ ಎದುರಾಯಿತು. ಕ್ರೈಸ್ತರಾದವರು ಮನೆ, ಜಾತಿಕಸುಬು, ಗೇಣಿಭೂಮಿ ಎಲ್ಲ ಕಳೆದುಕೊಂಡು ಅಂಗಳದಲ್ಲಿ ನಿಂತರು. ಅವರಿಗೆ ಬರೀ ಪ್ರಾರ್ಥನೆ ಸಾಲದಾಯಿತು. ಮಿಷನ್ ಮಗ್ಗ ಹಾಕಿತು, 1860ರ ದಶಕದಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅಲ್ಲಿ ಶಿಸ್ತು ಬಿಗಿಯಾಗಿತ್ತು, ಲಾಭನಷ್ಟದ ಲೆಕ್ಕವೂ ಇತ್ತು. ಅದನ್ನು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಆದರೆ ಮಂಗಳೂರು ಹಂಚು ಎಂದು ಹೆಸರಾದ ಆ ಹಂಚಿನ ಹಿಂದೆ, ಯಾರೂ ಕರೆಯದವರನ್ನು ಕೆಲಸಕ್ಕೆ ಕರೆಯಬೇಕೆಂಬ ವಿಚಾರವಿತ್ತು.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಚುರುಕಿನವರು, ಹಾಗಾದರೆ ಹಗಲಿರುಳು ಓಡುತ್ತಲೇ ಇರಬೇಕೇ ಎಂದು ಕೇಳಬಹುದು. ಮಾರ್ಕನ ಸುವಾರ್ತೆಯಲ್ಲಿ ಮಾತ್ರ ಸಿಗುವ ಒಂದು ಪುಟ್ಟ ಸಾಮ್ಯ ಇದಕ್ಕೆ ಉತ್ತರ ಕೊಡುತ್ತದೆ. ರೈತ ಬೀಜ ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ. ಅವನಿಗೆ ತಿಳಿಯದ ಹಾಗೆ ಮೊಳಕೆ ಬರುತ್ತದೆ, ತೆನೆಯಾಗುತ್ತದೆ, ಕಾಳು ಕಟ್ಟುತ್ತದೆ. ಬಿತ್ತದೆ ಮಲಗುವವನಿಗೂ ಬಿತ್ತಿ ಮಲಗುವವನಿಗೂ ವ್ಯತ್ಯಾಸವಿದೆ. ಸೇವೆಗೆ ಸೇರಿದ ಕೆಲವೇ ವರ್ಷಗಳಲ್ಲಿ ದಣಿದು, ಕಹಿಯಾಗಿ, ಮನೆಯವರ ಮೇಲೆ ರೇಗುವ ಸಭಾಪಾಲಕರಿದ್ದಾರೆ. ಎಲ್ಲವೂ ತಮ್ಮಿಂದಲೇ ಆಗಬೇಕು ಎಂದುಕೊಂಡದ್ದು ಅದಕ್ಕೆ ಒಂದು ಕಾರಣ. ನಿಮ್ಮ ಪಾಲು ಬಿತ್ತುವುದು. ಕಾಳು ಕಟ್ಟಿಸುವುದು ದೇವರ ಪಾಲು. ಆದ್ದರಿಂದ ನಿದ್ದೆ ಮಾಡಿ, ವಾರಕ್ಕೊಂದು ದಿನ ಬಿಡುವು ಮಾಡಿಕೊಳ್ಳಿ, ಹೆಂಡತಿ ಮಕ್ಕಳ ಜೊತೆ ಕೂತು ಊಟ ಮಾಡಿ. ಗೆಳತಿಯರಿಗೂ ಇದೇ ಮಾತು. ನಿಮ್ಮ ಬಿಡುವನ್ನು ಸಭೆಯಾಗಲಿ ಮನೆಯವರಾಗಲಿ ಕಸಿದುಕೊಳ್ಳಲು ಬಿಡಬೇಡಿ.

ಕೊನೆಗೆ, ಕೈಗೆ ಸಿಗುವಂಥ ಮೂರು ಕೆಲಸ ಹೇಳಿ ಮುಗಿಸುತ್ತೇನೆ. ಹೊಸ ಸಭೆಗೆ ಹೋದ ಮೊದಲ ತಿಂಗಳಲ್ಲಿ, ಸಭೆಗೆ ಬರುವವರ ಪಟ್ಟಿ ಸಿಕ್ಕ ಕೂಡಲೇ, ಬರುವುದನ್ನು ಬಿಟ್ಟವರು ಯಾರು, ಕರೆಯದೆ ಉಳಿದವರು ಯಾರು ಎಂದು ಕೇಳಿ, ಅವರ ಮನೆಗೆ ಮೊದಲು ಹೋಗಿ. ಎರಡನೆಯದು, ಹತ್ತಿರದ ಜೈಲಿಗೆ ಅನುಮತಿ ಪಡೆದು ಭೇಟಿ ಕೊಡಿ. ನಮ್ಮ ದೇಶದ ಜೈಲುಗಳಲ್ಲಿ ಹೆಚ್ಚಿನವರು ಇನ್ನೂ ತೀರ್ಪು ಬಾರದ ವಿಚಾರಣಾಧೀನ ಕೈದಿಗಳು; ಜಾಮೀನು ಸಿಕ್ಕಿಯೂ ಭದ್ರತೆ ಒದಗಿಸಲಾಗದೆ ಒಳಗೇ ಉಳಿದವರೂ ಅವರಲ್ಲಿದ್ದಾರೆ. ಸೆರೆಯಲ್ಲಿದ್ದವನನ್ನು ನೋಡಲು ಹೋಗುವುದು ಮತ್ತಾಯ 25ರ ಪಟ್ಟಿಯಲ್ಲಿ ನಾವು ಸಲೀಸಾಗಿ ಬಿಟ್ಟುಬಿಟ್ಟ ಸಾಲು. ಮೂರನೆಯದು, ವರ್ಷದ ಕೊನೆಗೆ ಸಭೆಯ ಲೆಕ್ಕಪತ್ರ ಮಂಡಿಸುವಾಗ ಖರ್ಚಿನ ಪಟ್ಟಿಯ ಜೊತೆ ಇನ್ನೊಂದು ಪಟ್ಟಿಯನ್ನೂ ಓದಿ: ಈ ವರ್ಷ ನಮ್ಮ ಕಣ್ಣಿಗೆ ಬಿದ್ದೂ ನಾವು ಮಾಡದೆ ಬಿಟ್ಟ ಕೆಲಸಗಳು. ಕಮಿಟಿಯವರು ಮುಖ ಗಂಟಿಕ್ಕಬಹುದು. ಓದಿ.

ನೆರೆಯವನು ಯಾರು ಎಂದು ಕೇಳಿದ ಆ ಪಂಡಿತನಿಗೆ ಬೇಕಾಗಿದ್ದದ್ದು ಒಂದು ವ್ಯಾಖ್ಯಾನ. ಯೇಸು ಕಥೆ ಹೇಳಿ ಮುಗಿಸಿ ಅವನಿಗೆ ಕೊಟ್ಟದ್ದು ಎರಡು ಕೆಲಸ: ಹೋಗುವುದು, ಹಾಗೆಯೇ ಮಾಡುವುದು. ವ್ಯಾಖ್ಯಾನಗಳನ್ನು ಈ ಕಾಲೇಜು ನಿಮಗೆ ಸಾಕಷ್ಟು ಕೊಟ್ಟಿದೆ, ಅವುಗಳಿಗಾಗಿ ನಿಮ್ಮ ಗುರುಗಳಿಗೆ ಋಣಿಯಾಗಿರಿ. ಉಳಿದ ಎರಡು ಕೆಲಸ ನಾಳೆಯಿಂದ ನಿಮ್ಮದು. ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.