ಚರ್ಮದ ತೇವ ಮತ್ತು ಮುರುಗಲು ತುಪ್ಪ



ಮಲೆನಾಡಿನಿಂದ ಓದಿಗೋ ಉದ್ಯೋಗಕ್ಕೋ ಹೊರಟು ಬೆಂಗಳೂರಿನ ಜೀವನ್ ಬಿಮಾ ನಗರದಂತಹ ಬಡಾವಣೆಗಳನ್ನು ಸೇರಿದವರ ಕೈಕಾಲುಗಳು ಚಳಿಗಾಲದಲ್ಲಿ ಬಿರಿಯತೊಡಗುತ್ತವೆ. ಸುಮಾರು 900 ಮೀಟರ್ ಎತ್ತರದ ಆ ಪ್ರಸ್ಥಭೂಮಿಯಲ್ಲಿ ಮಳೆಗಾಲ ಕಳೆದ ಮೇಲೆ ಗಾಳಿಯ ತೇವ ತಗ್ಗುತ್ತಾ ಹೋಗುತ್ತದೆ. ಕಾವೇರಿ ನೀರು ಸಾಲದ ಮನೆಗಳಿಗೆ ಕೊಳವೆಬಾವಿ, ಟ್ಯಾಂಕರುಗಳ ಗಡಸು ನೀರೇ ಗತಿ. 2024ರ ಬೇಸಿಗೆಯಲ್ಲಿ ಅದಕ್ಕೂ ಬರ ಬಂದಿತ್ತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಡನೆ ಕೂಡಿ, ಕರಗದ ಕೆನೆಯಾಗಿ ಚರ್ಮಕ್ಕೆ ಅಂಟುತ್ತವೆ.

ಚರ್ಮದ ಹೊರಪದರವು ಇಟ್ಟಿಗೆಯ ಗೋಡೆಯಂತೆ. ಸತ್ತ ಕೋಶಗಳೇ ಇಟ್ಟಿಗೆ, ನಡುವಣ ಮೇದಸ್ಸೇ ಗಾರೆ. ಸಾಬೂನು ಮತ್ತು ಸುಡುನೀರು ಗಾರೆಯನ್ನು ಸವೆಸಿದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಎಣ್ಣೆಯ ಕೊರತೆಯದು ಒಣ ಚರ್ಮ; ನೀರಿನ ಕೊರತೆಯದು ಬಾಡಿದ ಚರ್ಮ. ಜಿಡ್ಡುಮುಖದವರಿಗೂ ಎರಡನೆಯದು ಬರಬಹುದು. ಕೊಡಗಟ್ಟಲೆ ನೀರು ಕುಡಿದರೆ ಸಾಕೆಂಬ ಮಾತಿನಲ್ಲಿ ಹುರುಳಿಲ್ಲ. ಗೋಡೆ ಬಿರಿದಿರುವಾಗ ಕುಡಿದದ್ದು ನಿಲ್ಲುವುದೆಲ್ಲಿ?

ಆದುದರಿಂದ ಹಂಡೆಯ ಸುಡುನೀರಿನ ಸುಖವನ್ನು ಬಿಟ್ಟು ಉಗುರುಬೆಚ್ಚಗಿನ ನೀರಿನಲ್ಲಿ ಬೇಗನೆ ಮೀಯಬೇಕು. ಮೈಯನ್ನು ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮುನ್ನವೇ ಜಿಡ್ಡು ಸವರಬೇಕು. ನಮ್ಮ ಹಿರಿಯರು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದ ಮುರುಗಲು ತುಪ್ಪ ಇದಕ್ಕೆ ಒದಗುತ್ತದೆ. ಬೀಜವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಜಿಡ್ಡನ್ನು ಉಂಡೆಗಟ್ಟಿಸಿದ ಈ ತುಪ್ಪ ಸುಮಾರು 40 ಡಿಗ್ರಿಯವರೆಗೆ ಗಟ್ಟಿಯಾಗಿಯೇ ಇರುತ್ತದೆ. ಇದರಲ್ಲಿ ಪವಾಡವೇನಿಲ್ಲ, ಅಂಗಡಿಯ ವ್ಯಾಸಲೀನ್ ಕೂಡ ತೇವವನ್ನು ತಡೆಯುತ್ತದೆ. ನಗರದಲ್ಲಿ ಇದೇ ತುಪ್ಪ ಕೋಕಂ ಬಟರ್ ಎಂಬ ಹೆಸರಿನ ಪುಟ್ಟ ಡಬ್ಬಿಗಳಲ್ಲಿ ಮಾರಾಟವಾಗುತ್ತಿದೆ. ಬೇಡಿಕೆ ಏರಿದಾಗ ಉಪ್ಪಾಗೆಯ ಕೊಂಬೆಗಳನ್ನೇ ಕಡಿದು ಎಳೆಕಾಯಿ ಕಿತ್ತದ್ದನ್ನು ಉತ್ತರ ಕನ್ನಡ ಕಂಡಿದೆ. ಮುರುಗಲಿಗೆ ಆ ಗತಿ ಬಾರದಿರಲಿ.

ಬಿರುಕಿನಲ್ಲಿ ಕೀವು ತುಂಬಿದರೆ, ತುರಿಕೆ ನಿಲ್ಲದಿದ್ದರೆ, ಮಧುಮೇಹಿಗಳ ಹಿಮ್ಮಡಿ ಸೀಳಿದರೆ ಮಾತ್ರ ತುಪ್ಪವನ್ನು ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು.