ಅಂಗನವಾಡಿ ಟೀಚರಮ್ಮನ ಓದು ಮತ್ತು ಸರ್ಕಾರದ ಅನುದಾನ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಅಂಗನವಾಡಿ ಮಾತು ಯಾಕಪ್ಪಾ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. 2013ರ ಆಗಸ್ಟ್ ತಿಂಗಳಲ್ಲಿ ಕ್ಷೀರಭಾಗ್ಯ ಶುರುವಾಯಿತು. ರೈತರು ಡೇರಿಗೆ ಹಾಕುವ ಹಾಲು ಪುಡಿಯಾಗಿ ಅಂಗನವಾಡಿ ಮಕ್ಕಳ ಲೋಟಕ್ಕೆ ಬರುತ್ತದೆ. ಆ ಲೋಟ ಹಿಡಿದು ಕುಡಿಸುವವರು ನಮ್ಮ ಟೀಚರಮ್ಮ ಮತ್ತು ಆಯಮ್ಮ. ಅವರ ಕಷ್ಟಸುಖ ನಮ್ಮದೂ ಹೌದು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಆಗ ಟೀಚರಮ್ಮನಿಗೆ ಸಿಗುತ್ತಿದ್ದುದು ಮೆಟ್ರಿಕ್ ಆಗಿದ್ದರೆ ತಿಂಗಳಿಗೆ 150 ರೂಪಾಯಿ, ಆಗದಿದ್ದರೆ 100 ರೂಪಾಯಿ. ಅದಕ್ಕೆ ಸಂಬಳ ಎನ್ನಲಿಲ್ಲ, ಗೌರವಧನ ಎಂದರು. ಹೆಸರಿನಲ್ಲಿ ಗೌರವ ಇತ್ತು, ಧನ ಕಡಿಮೆ ಇತ್ತು. ಇವತ್ತಿಗೂ ಆ ಹೆಸರು ಬದಲಾಗಿಲ್ಲ.

ಇನ್ನು ಅನುದಾನದ ಲೆಕ್ಕ. ಸಂಘದ ಜಮಾಖರ್ಚು ಓದಿ ಬಲ್ಲ ನಿಮಗೆ ಇದು ಕಷ್ಟವೇನಲ್ಲ. ಮೊದಲು ಮಕ್ಕಳ ಆಹಾರದ ಖರ್ಚು ರಾಜ್ಯದ್ದು, ಮಿಕ್ಕಿದ್ದು ಪೂರ್ತಿ ಕೇಂದ್ರದ್ದು. 2005-06ರಿಂದ ಆಹಾರದ ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರು. 2009-10ರಿಂದ ಉಳಿದ ಬಾಬಿನಲ್ಲಿ ಕೇಂದ್ರ 90, ರಾಜ್ಯ 10 ಪಾಲು ಆಯಿತು. 2015-16ರಿಂದ ಕೇಂದ್ರದ ಪಾಲು 60ಕ್ಕೆ ಇಳಿದು ರಾಜ್ಯದ ಪಾಲು 40ಕ್ಕೆ ಏರಿತು. ಅದೇ ವರ್ಷ ಕೇಂದ್ರದ ಬಜೆಟ್ಟಿನಲ್ಲಿ ಈ ಯೋಜನೆಗೆ ಇಟ್ಟ ಹಣ, ಹಿಂದಿನ ವರ್ಷ 18 ಸಾವಿರ ಕೋಟಿ ಮೀರಿದ್ದದ್ದು, 8 ಸಾವಿರ ಕೋಟಿ ಚಿಲ್ಲರೆಗೆ ಇಳಿಯಿತು. ಆಮೇಲೆ ಪೂರಕ ಅಂದಾಜಿನಲ್ಲಿ ಹೆಚ್ಚಿಸಿದರು ಅನ್ನಿ. ತೆರಿಗೆಯಲ್ಲಿ ರಾಜ್ಯಗಳ ಪಾಲು 32ರಿಂದ 42ಕ್ಕೆ ಏರಿದೆ, ನೀವೇ ನೋಡಿಕೊಳ್ಳಿ ಎಂಬುದು ಕೇಂದ್ರದ ವಾದ.

ಇದರಿಂದ ಏನಾಯಿತು? ಗೌರವಧನ ಏರಿಸಬೇಕೆಂದು ದೆಹಲಿಗೆ ಕೇಳಿದರೆ ಬೆಂಗಳೂರು ತೋರಿಸುತ್ತಾರೆ, ಬೆಂಗಳೂರಿಗೆ ಕೇಳಿದರೆ ದೆಹಲಿ ತೋರಿಸುತ್ತಾರೆ. ಕೇಂದ್ರದ ಲೆಕ್ಕದ ಗೌರವಧನ 2011ರಲ್ಲಿ 3,000 ಆಯಿತು, 2018ರ ಅಕ್ಟೋಬರಿನಲ್ಲಿ 4,500 ಆಯಿತು. ಅದರಲ್ಲೂ ಕೇಂದ್ರ ಕೊಡುವುದು 60 ಪಾಲು, ಅಂದರೆ 2,700 ರೂಪಾಯಿ. ಅದರ ಮೇಲೆ ಸಿಗುವುದೆಲ್ಲ ರಾಜ್ಯದ ಹಣ. 2025-26ರ ಬಜೆಟ್ಟಿನಲ್ಲಿ ರಾಜ್ಯ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಿತು. ಸಂತೋಷವೇ. ಆದರೆ ಹೀಗೆ ಪ್ರತಿ ಸಲ ಬೀದಿಗಿಳಿದು ಕೇಳಿ ಪಡೆಯುವುದಾದರೆ ಅದನ್ನು ಗೌರವ ಎನ್ನುವುದು ಹೇಗೆ?

ಇತ್ತ ದುಡ್ಡಿನ ಪಾಲು ಹೀಗೆ ಎಳೆದಾಡುತ್ತಿರುವಾಗ, ಅತ್ತ ಓದಿನ ಷರತ್ತು ಮೇಲಕ್ಕೆ ಹೋಗುತ್ತಿದೆ. ಮುಂಚೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಟೀಚರಮ್ಮ ಆಗಬಹುದಿತ್ತು. 2022ರಲ್ಲಿ ಕೇಂದ್ರ ಹೊರಡಿಸಿದ ಸಕ್ಷಮ ಅಂಗನವಾಡಿ ಮಾರ್ಗಸೂಚಿಯ ಪ್ರಕಾರ ಕಾರ್ಯಕರ್ತೆಗೆ ಪಿಯುಸಿ ಬೇಕು, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಿಯುಸಿ ಆದವರಿಗೆ ಆರು ತಿಂಗಳ ಸರ್ಟಿಫಿಕೇಟ್ ತರಬೇತಿ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಆಗಬೇಕು ಎಂದಿತು. ಅದೂ ಕೆಲಸ ಬಿಡದೆ, ಟಿವಿ ಮತ್ತು ಮೊಬೈಲ್ ಮೂಲಕ.

ಓದು ಹೆಚ್ಚಾಗಲಿ, ಬೇಡ ಎನ್ನುವವರಾರು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ ಹಿರಿಯರು. ಮೂರು ವರ್ಷದ ಮಗುವಿಗೆ ಕಲಿಸುವವರು ಚೆನ್ನಾಗಿ ಕಲಿತಿರಬೇಕು. ಆದರೆ ಬೆಳಗ್ಗೆ ಅಡುಗೆ, ಆಟ, ಪಾಠ, ತೂಕ, ಗರ್ಭಿಣಿಯರ ಊಟ, ಮನೆಭೇಟಿ, ಸಂಜೆ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬೋದು, ಇಷ್ಟರ ಮಧ್ಯೆ ಆ ಹೆಣ್ಣುಮಗಳು ಓದೋದು ಯಾವಾಗ? ಓದಿದ ಮೇಲೆ ಅದಕ್ಕೆ ತಕ್ಕ ಸಂಬಳ ಎಲ್ಲಿ? ಅರ್ಹತೆ ಟೀಚರದ್ದು ಬೇಕು, ಕೊಡುವುದು ಮಾತ್ರ ಗೌರವಧನ ಎಂದರೆ ಲೆಕ್ಕ ಕೂಡೋದಿಲ್ಲ.

ಕೋರ್ಟೂ ಈ ಮಾತು ಕೇಳಿದೆ. 2006ರಲ್ಲಿ ನಮ್ಮ ರಾಜ್ಯದ್ದೇ ಅಮೀರ್‌ಬಿ ಪ್ರಕರಣದಲ್ಲಿ, ಇವರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ಕೋರ್ಟು 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಪ್ರಕರಣದಲ್ಲಿ, ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ತೀರ್ಪು ಕೊಟ್ಟಿತು. ಇವರು ಮಾಡುವ ಶಾಲಾಪೂರ್ವ ಶಿಕ್ಷಣದ ಕೆಲಸವನ್ನೂ ಅದು ಗುರುತಿಸಿತು.

ಇದು ಟೀಚರಮ್ಮನೊಬ್ಬರ ಕಷ್ಟವಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾನ್ವೆಂಟಿನ ಹಳದಿ ವ್ಯಾನು ಊರೂರಿಗೆ ಬರುತ್ತದೆ. ಅನುಕೂಲ ಇದ್ದವರ ಮಗು ವ್ಯಾನು ಹತ್ತುತ್ತದೆ. ಕೂಲಿಗೆ ಹೋಗುವವರ ಮಗುವಿಗೆ ಅಂಗನವಾಡಿಯೇ ಗತಿ. ಅಂಗನವಾಡಿ ಸೊರಗಿದರೆ ಸೊರಗುವುದು ಆ ಮಗು. ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರವನ್ನು ಕಾರ್ಯಕರ್ತೆಯರು 2024ರಲ್ಲಿ ವಿರೋಧಿಸಿದ್ದು ಇದೇ ಭಯದಿಂದ. ಮಕ್ಕಳೆಲ್ಲ ಅಲ್ಲಿಗೆ ಹೋದರೆ ಅಂಗನವಾಡಿಯಲ್ಲಿ ಉಳಿಯೋದು ಒಲೆ ಮಾತ್ರ.

ನಾವು ಮಾಡಬಹುದಾದದ್ದು ಏನು? ಮೂರು ಮಾತು ಹೇಳುತ್ತೇನೆ. ಒಂದು, ಹೊಸ ಮಾರ್ಗಸೂಚಿಯಲ್ಲಿ ಐದು ವರ್ಷ ಅನುಭವವಿದ್ದು ಅರ್ಹತೆ ಪಡೆದ ಸಹಾಯಕಿಯರಿಗೆ ಟೀಚರ್ ಹುದ್ದೆಗಳಲ್ಲಿ ಅರ್ಧ ಪಾಲು ಇದೆ. ನಮ್ಮ ಆಯಮ್ಮ ಪಿಯುಸಿ ಕಟ್ಟಲು ಮುಂದೆ ಬಂದರೆ ಪರೀಕ್ಷೆ ಶುಲ್ಕ, ಪುಸ್ತಕದ ಖರ್ಚನ್ನು ಸಂಘ ಭರಿಸಲಿ. ಮಹಾಸಭೆಯಲ್ಲಿ ಇದಕ್ಕೊಂದು ನಿರ್ಣಯ ಆಗಲಿ. ಎರಡು, ಬಾಲವಿಕಾಸ ಸಮಿತಿಯ ಸಭೆಗೆ ತಾಯಂದಿರು ತಪ್ಪದೆ ಹೋಗಿ. ಬಂದ ರೇಷನ್ ಎಷ್ಟು, ಹಾಲಿನ ಪುಡಿ ಎಷ್ಟು, ಕೇಳಿ. ಕೇಳುವುದು ಟೀಚರಮ್ಮನ ಮೇಲೆ ಅನುಮಾನಪಟ್ಟಲ್ಲ. ಸಾಮಾನು ತಡವಾಗಿ ಬಂದಾಗ ಆಕೆಯ ಜೊತೆ ನಿಂತು ಕೇಳುವುದಕ್ಕೆ. ಮೂರು, ವೋಟು ಕೇಳಲು ಬಂದವರನ್ನು ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ.

ಒಬ್ಬೊಬ್ಬರ ಲೀಟರ್ ಹಾಲು ಸೇರಿ ಕ್ಯಾನು ತುಂಬಿದ್ದನ್ನು ಇಪ್ಪತ್ತೈದು ವರ್ಷದಿಂದ ಕಂಡವರು ನೀವು. ನಿಮಗೆ ಒಗ್ಗಟ್ಟಿನ ಪಾಠ ನಾನು ಹೇಳಬೇಕಾಗಿಲ್ಲ. ಸಂಘ ಚಿನ್ನದ ಹಬ್ಬ ಆಚರಿಸುವ ದಿನ, ಈಗ ಅಂಗನವಾಡಿಯಲ್ಲಿ ಕೂತಿರುವ ಮಕ್ಕಳೇ ಇದರ ನಿರ್ದೇಶಕರಾಗಿರುತ್ತಾರೆ. ಅವರಿಗೆ ಅ ಆ ಇ ಈ ತಿದ್ದಿಸಿದವರಿಗೆ ನ್ಯಾಯ ಸಿಕ್ಕಿರಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.